ಜೇಸನ್ ಡಿಸೀರಿಯಲೈಸರ್‌ಗೆ ಬೇಕಾದ ಸರ್ವಿಸನ್ನು ತಂದುಕೊಡುವವರು ಯಾರು?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ಖರೀದಿ ಕೇಂದ್ರಗಳಿಗೆ ಒಂದು ಸಾಫ್ಟ್‌ವೇರ್ ಬರೆಯುತ್ತಿದ್ದೇವೆ ಅಂದುಕೊಳ್ಳಿ. ರೈತರು ಚೀಲ ತಂದು ತೂಕ ಮಾಡಿಸಿದ ಕೂಡಲೇ ಅಲ್ಲಿನ ಕಂಪ್ಯೂಟರ್ ಒಂದು ರಶೀದಿಯನ್ನು ಜೇಸನ್ (JSON) ರೂಪದಲ್ಲಿ, ಅಂದರೆ ಹೆಸರು ಮತ್ತು ಬೆಲೆಗಳ ಜೋಡಿಗಳಾಗಿ ಬರೆದು, ಸರ್ವರ್‌ಗೆ ಕಳಿಸುತ್ತದೆ. ಅದು ಹೀಗಿರುತ್ತದೆ:

{
  "ರಶೀದಿ": 1187,
  "ಊರು": "ಕುಂಬಳ",
  "ಬಗೆ": "ಪಟೋರ",
  "ತೂಕ": 48.5
}

ಕೀ ಹೆಸರುಗಳು ಕನ್ನಡದಲ್ಲಿದ್ದರೆ ಏನೂ ತೊಂದರೆ ಇಲ್ಲ. ಒಂದು ಸಿಸ್ಟಮ್‌ನಿಂದ ಇನ್ನೊಂದಕ್ಕೆ ಹೋಗುವ ಜೇಸನ್ ಎಲ್ಲ ಲಿಪಿಗಳನ್ನೂ ಬರೆಯಬಲ್ಲ ಯುಟಿಎಫ್-8 ಎಂಬ ಕ್ರಮದಲ್ಲೇ ಇರಬೇಕು ಎಂದು 2017ರ ಆರ್‌ಎಫ್‌ಸಿ 8259 ಎಂಬ ಇಂಟರ್ನೆಟ್ ನಿಯಮಪತ್ರ ಹೇಳುತ್ತದೆ. ಹಾಗಾಗಿ ಯಾವ ಲಿಪಿಯಾದರೂ ನಡೆಯುತ್ತದೆ.

ರಶೀದಿ ನಂಬರು, ಬಗೆ, ತೂಕ ಇವನ್ನೆಲ್ಲ ಜೇಸನ್ ಓದುವ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡು) ತಾನಾಗಿಯೇ ಓದಿಕೊಳ್ಳುತ್ತದೆ. ಸಂಖ್ಯೆ ಇದ್ದಲ್ಲಿ ಸಂಖ್ಯೆ, ಅಕ್ಷರ ಇದ್ದಲ್ಲಿ ಅಕ್ಷರ. ತೊಡಕು ಇರುವುದು "ಊರು" ಎಂಬ ಒಂದೇ ಸಾಲಿನಲ್ಲಿ. ನಮ್ಮ ಜಿಲ್ಲೆಯಲ್ಲಿ ಒಂದೇ ಊರನ್ನು ಕನ್ನಡದವರು ಕುಂಬಳೆ ಅಂತ ಬರೆದರೆ ಮಲಯಾಳದ ದಾಖಲೆಯಲ್ಲಿ ಕುಂಬಳ ಆಗಿರುತ್ತದೆ. ಮಂಜೇಶ್ವರ ಮಂಜೇಶ್ವರಂ ಆಗುತ್ತದೆ. ಬದಿಯಡ್ಕ ಬದಿಯಡುಕ್ಕ ಆಗುತ್ತದೆ. ಇಂಗ್ಲಿಷ್ ಸ್ಪೆಲಿಂಗ್ ಅಂತೂ ಬರೆಯುವವರ ಕೈಗೆ ಬಿಟ್ಟದ್ದು. ರೈತರ ಲೆಕ್ಕ ಸರಿ ಇರಬೇಕಾದರೆ ಇವೆಲ್ಲ ಕೊನೆಗೆ ಒಂದೇ ಊರಿಗೆ ಸೇರಬೇಕು ಅಲ್ವಾ? ಅದಕ್ಕಾಗಿ ನಮ್ಮ ಸರ್ವರ್‌ನಲ್ಲಿ "ಊರಪಟ್ಟಿ" ಎಂಬ ಒಂದು ಸರ್ವಿಸ್ ಇದೆ. ಯಾವ ಬರಹ ಕೊಟ್ಟರೂ ಅದು ಯಾವ ಊರು ಎಂದು ಹೇಳುತ್ತದೆ.

ಈಗ ನಮಗೆ ಬೇಕಾದ್ದು ಇಷ್ಟು: ಜೇಸನ್ ಓದುವಾಗಲೇ "ಊರು" ಎಂಬ ಬರಹದ ಜಾಗಕ್ಕೆ ಸರಿಯಾದ ಊರು ಆಬ್ಜೆಕ್ಟ್ ಬಂದು ಕೂರಬೇಕು. ಇದಕ್ಕೆ ಬರೆಯುವ ಕೋಡಿಗೆ ಕಸ್ಟಮ್ ಡಿಸೀರಿಯಲೈಸರ್ ಅನ್ನುತ್ತಾರೆ. ಉದಾಹರಣೆಗೆ ಜಾವಾ ಮತ್ತು ಅದರ ಜ್ಯಾಕ್ಸನ್ ಲೈಬ್ರರಿಯನ್ನು ಇಟ್ಟುಕೊಳ್ಳುತ್ತೇನೆ. ಜ್ಯಾಕ್ಸನ್ 3ರಲ್ಲಿ ಕೆಲವು ಕ್ಲಾಸುಗಳ ಹೆಸರು ಬದಲಾಗಿದೆ. ಜಾಸ್ತಿ ಜನರ ಕೈಯಲ್ಲಿ ಇನ್ನೂ 2 ಇರುವುದರಿಂದ ನಾನು ಅದರ ಹೆಸರುಗಳನ್ನೇ ಬಳಸುತ್ತೇನೆ. ಕೋಡನ್ನು ಓದಲು ಸುಲಭ ಆಗಲೆಂದು ಕನ್ನಡದಲ್ಲೇ ಬರೆದರೆ ಹೀಗೆ:

ಕ್ಲಾಸ್ ಊರುಡಿಸೀರಿಯಲೈಸರ್ {
    ಊರಪಟ್ಟಿ ಪಟ್ಟಿ;

    ಊರುಡಿಸೀರಿಯಲೈಸರ್(ಊರಪಟ್ಟಿ ಪಟ್ಟಿ) {
        ದಿಸ್.ಪಟ್ಟಿ = ಪಟ್ಟಿ;
    }

    ಊರು ಡಿಸೀರಿಯಲೈಸ್(ಪಾರ್ಸರ್, ಕಾಂಟೆಕ್ಸ್ಟ್) {
        ಬರಹ = ಪಾರ್ಸರ್.ಗೆಟ್‌ಟೆಕ್ಸ್ಟ್();
        ರಿಟರ್ನ್ ಪಟ್ಟಿ.ಹುಡುಕು(ಬರಹ);
    }
}

ಕೋಡು ಇಷ್ಟೇ. ಆದರೆ ಇದನ್ನು ಓಡಿಸಲು ಹೋದಾಗ ಹೊಸಬರು ಮಾತ್ರ ಅಲ್ಲ, ಹತ್ತಾರು ವರ್ಷ ಕೋಡು ಬರೆದವರೂ ಸಿಕ್ಕಿಬೀಳುತ್ತಾರೆ. ಯಾಕೆ ಅಂತ ಗೊತ್ತಾಗಬೇಕಾದರೆ ಆ ಕನ್‌ಸ್ಟ್ರಕ್ಟರ್ (ಆಬ್ಜೆಕ್ಟ್ ಹುಟ್ಟುವಾಗ ಓಡುವ, ಕ್ಲಾಸಿನದ್ದೇ ಹೆಸರಿನ ಭಾಗ) ಕಡೆಗೆ ಒಮ್ಮೆ ನೋಡಬೇಕು.

ಪಟ್ಟಿ ಕೊಡುವವರು, ಸಾಮಾನು ತರುವವರು

ಮನೆಯಲ್ಲಿ ಜಂಬರ ಇದ್ದರೆ ಅಡುಗೆ ಭಟ್ರು ಮೊದಲೇ ಸಾಮಾನಿನ ಪಟ್ಟಿ ಬರೆಸುತ್ತಾರೆ. ಬೆಲ್ಲ ಯಾವ ಅಂಗಡಿಯದ್ದು, ತೆಂಗಿನಕಾಯಿ ಯಾರ ತೋಟದ್ದು ಎನ್ನುವುದು ಅವರ ತಲೆಬಿಸಿ ಅಲ್ಲ. ಮನೆಯವರು ತಂದಿಡುತ್ತಾರೆ, ಭಟ್ರು ಬಂದು ಅಡುಗೆ ಮಾಡುತ್ತಾರೆ. ಡಿಪೆಂಡೆನ್ಸಿ ಇಂಜೆಕ್ಷನ್ ಅಂದರೆ ಇದೇ. ಒಂದು ಕ್ಲಾಸು ತನಗೆ ಬೇಕಾದ್ದನ್ನು ತಾನೇ ಹುಡುಕಿಕೊಂಡು ಹೋಗುವುದಿಲ್ಲ. "ನನಗೆ ಊರಪಟ್ಟಿ ಬೇಕು" ಎಂದು ಕನ್‌ಸ್ಟ್ರಕ್ಟರ್‌ನಲ್ಲಿ ಹೇಳುತ್ತದೆ. ಹೊರಗಿನವರು ಅದನ್ನು ತಂದು ಕೈಗಿಡುತ್ತಾರೆ. ಈ ಪದ್ಧತಿ ಮೊದಲೇ ಇತ್ತು. ಹೆಸರು ಗಟ್ಟಿಯಾಗಿ ನಿಂತದ್ದು 2004ರಲ್ಲಿ ಮಾರ್ಟಿನ್ ಫೌಲರ್ ಅದರ ಬಗ್ಗೆ ಬರೆದ ಮೇಲೆ. ದೊಡ್ಡ ಅಪ್ಲಿಕೇಶನ್‌ಗಳಲ್ಲಿ ಈ ತಂದುಕೊಡುವ ಕೆಲಸವನ್ನು ಜಾವಾದ ಸ್ಪ್ರಿಂಗ್‌ನಂಥ ಒಂದು ಕಂಟೇನರ್ ವಹಿಸಿಕೊಳ್ಳುತ್ತದೆ.

ಇದೆಲ್ಲ ನಡೆಯುವುದು ಭಟ್ರನ್ನು ಕರೆಸಿದವರು ಮನೆಯವರೇ ಆಗಿದ್ದರೆ ಮಾತ್ರ. ಡಿಸೀರಿಯಲೈಸರ್ ವಿಷಯದಲ್ಲಿ ಹಾಗಲ್ಲ. ಸಾಮಾನ್ಯವಾಗಿ ನಾವು ಊರು ಕ್ಲಾಸಿನ ತಲೆಯ ಮೇಲೆ ಜೇಸನ್‌ಡಿಸೀರಿಯಲೈಸ್ ಎಂಬ ಅನೊಟೇಶನ್ (ಲೈಬ್ರರಿ ಓದುವ ಸೂಚನೆಯ ಚೀಟಿ) ಹಾಕಿ, "ಇದನ್ನು ಓದಲು ಊರುಡಿಸೀರಿಯಲೈಸರ್ ಬಳಸು" ಎಂದು ಕ್ಲಾಸಿನ ಹೆಸರು ಮಾತ್ರ ಬರೆಯುತ್ತೇವೆ. ಆ ಕ್ಲಾಸಿನ ಆಬ್ಜೆಕ್ಟನ್ನು ಹುಟ್ಟಿಸುವುದು ಜ್ಯಾಕ್ಸನ್. ಜ್ಯಾಕ್ಸನ್‌ಗೆ ಊರಪಟ್ಟಿ ಗೊತ್ತಿಲ್ಲ, ಸ್ಪ್ರಿಂಗ್ ಕೂಡ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಏನೂ ಕೇಳದ, ಖಾಲಿ ಕನ್‌ಸ್ಟ್ರಕ್ಟರ್ ಒಂದೇ.

ಹಾಗಾಗಿ ಮೇಲಿನ ಕೋಡು ಓಡಿಸಿದರೆ ಮೊದಲು ಬರುವ ದೂರು "ಈ ಕ್ಲಾಸಿಗೆ ಡಿಫಾಲ್ಟ್ ಕನ್‌ಸ್ಟ್ರಕ್ಟರ್ ಇಲ್ಲ" ಎಂಬುದು. ಅದನ್ನು ನೋಡಿದ ಕೂಡಲೇ ಕೈ ತಾನಾಗಿ ಒಂದು ಖಾಲಿ ಕನ್‌ಸ್ಟ್ರಕ್ಟರ್ ಸೇರಿಸುತ್ತದೆ. ಪಟ್ಟಿ ಎಂಬ ಫೀಲ್ಡಿನ ಮೇಲೆ ಆಟೋವೈರ್ಡ್ (ಇದನ್ನು ಕಂಟೇನರ್ ತುಂಬಲಿ) ಅಂತ ಬರೆಯುತ್ತದೆ. ದೂರು ನಿಲ್ಲುತ್ತದೆ. ಆದರೆ ಆಟೋವೈರ್ಡ್ ಎಂಬುದನ್ನು ಓದುವುದು ಸ್ಪ್ರಿಂಗ್, ಆಬ್ಜೆಕ್ಟ್ ಹುಟ್ಟಿಸಿದ್ದು ಜ್ಯಾಕ್ಸನ್. ಆ ಫೀಲ್ಡನ್ನು ತುಂಬುವವರು ಯಾರೂ ಇಲ್ಲ. ಮೊದಲ ರಶೀದಿ ಬಂದಾಗ ಪಟ್ಟಿ ನಲ್ (ಏನೂ ಇಲ್ಲದ್ದು) ಆಗಿರುತ್ತದೆ, ನಲ್ ಪಾಯಿಂಟರ್ ಎಕ್ಸೆಪ್ಶನ್ ಎಂಬ ದೂರು ಬರುತ್ತದೆ.

ಈ ಎರಡು ದೂರುಗಳಲ್ಲಿ ಮೊದಲನೆಯದೇ ನಮ್ಮ ಪಾಲಿಗೆ ಒಳ್ಳೆಯದು. ಅದು ನಿಜ ಹೇಳುತ್ತದೆ: ನಿನ್ನ ಕ್ಲಾಸಿಗೆ ಊರಪಟ್ಟಿ ಬೇಕು, ನನ್ನ ಹತ್ತಿರ ಇಲ್ಲ. ಖಾಲಿ ಕನ್‌ಸ್ಟ್ರಕ್ಟರ್ ಸೇರಿಸಿದರೆ ಆ ನಿಜವನ್ನು ಮುಚ್ಚಿದ ಹಾಗೆ.

ಇನ್ನೊಂದು ಅಡ್ಡದಾರಿ ಇದೆ. ಊರಪಟ್ಟಿಯನ್ನು ಸ್ಟ್ಯಾಟಿಕ್ ಫೀಲ್ಡ್ ಮಾಡಿ, ಸರ್ವರ್ ಶುರುವಾಗುವಾಗ ಎಲ್ಲಿಂದಲೋ ತುಂಬಿಸಿಡುವುದು. ಕೆಲಸ ನಡೆಯುತ್ತದೆ. ಆದರೆ ತುಂಬಿಸುವ ಮೊದಲೇ ಒಂದು ಮೆಸೇಜ್ ಬಂದರೆ ಮತ್ತೆ ನಲ್. ಎರಡು ಟೆಸ್ಟುಗಳು ಒಟ್ಟಿಗೆ ಓಡಿದರೆ ಒಂದರ ಪಟ್ಟಿ ಇನ್ನೊಂದರ ಕೈಗೆ ಸಿಗುತ್ತದೆ. ಕ್ಲಾಸನ್ನು ನೋಡಿದರೆ ಅದಕ್ಕೆ ಏನು ಬೇಕು ಅಂತ ಗೊತ್ತೇ ಆಗುವುದಿಲ್ಲ. ನಾನು ಇದನ್ನು ಯಾರಿಗೂ ಹೇಳಿಕೊಡುವುದಿಲ್ಲ.

ಸರಿಯಾದ ದಾರಿಗಳು

ಎಲ್ಲಕ್ಕಿಂತ ಸರಳವಾದದ್ದು ಆಬ್ಜೆಕ್ಟನ್ನು ನಾವೇ ಹುಟ್ಟಿಸಿ ಜ್ಯಾಕ್ಸನ್ ಕೈಗೆ ಕೊಡುವುದು. ಜ್ಯಾಕ್ಸನ್‌ನಲ್ಲಿ ಸಿಂಪಲ್‌ಮಾಡ್ಯೂಲ್ ಎಂಬ ಕ್ಲಾಸಿದೆ. ಅದರ ಆಡ್‌ಡಿಸೀರಿಯಲೈಸರ್ ಎಂಬ ಮೆಥಡ್‌ಗೆ ಎರಡು ವಿಷಯ ಕೊಡಬೇಕು: ಯಾವ ಕ್ಲಾಸಿಗೆ, ಮತ್ತು ಯಾವ ಡಿಸೀರಿಯಲೈಸರ್ ಆಬ್ಜೆಕ್ಟ್. ಗಮನಿಸಿ, ಇಲ್ಲಿ ಕೊಡುವುದು ಕ್ಲಾಸಿನ ಹೆಸರಲ್ಲ, ತಯಾರಾದ ಆಬ್ಜೆಕ್ಟ್.

ಮಾಡ್ಯೂಲ್ = ನ್ಯೂ ಸಿಂಪಲ್‌ಮಾಡ್ಯೂಲ್();
ಮಾಡ್ಯೂಲ್.ಆಡ್‌ಡಿಸೀರಿಯಲೈಸರ್(ಊರು.ಕ್ಲಾಸ್,
        ನ್ಯೂ ಊರುಡಿಸೀರಿಯಲೈಸರ್(ಪಟ್ಟಿ));
ಮ್ಯಾಪರ್.ರಿಜಿಸ್ಟರ್‌ಮಾಡ್ಯೂಲ್(ಮಾಡ್ಯೂಲ್);

ಮ್ಯಾಪರ್ ಅಂದರೆ ಜ್ಯಾಕ್ಸನ್‌ನ ಆಬ್ಜೆಕ್ಟ್‌ಮ್ಯಾಪರ್, ಜೇಸನ್ ಓದುವ ಕೆಲಸ ಮಾಡುವುದು ಅದೇ. ಕನ್‌ಸ್ಟ್ರಕ್ಟರ್‌ಗೆ ಪಟ್ಟಿ ಕೊಟ್ಟದ್ದು ನಾವೇ. ಮಾಯೆ ಏನೂ ಇಲ್ಲ. ಸ್ಪ್ರಿಂಗ್ ಬೂಟ್ (ಸ್ಪ್ರಿಂಗ್‌ನ ಜೋಡಣೆಗಳನ್ನು ತಾನೇ ಮಾಡಿಕೊಡುವುದು) ಇದ್ದರೆ ಈ ಮಾಡ್ಯೂಲನ್ನು ಒಂದು ಬೀನ್ (ಕಂಟೇನರ್ ನೋಡಿಕೊಳ್ಳುವ ಆಬ್ಜೆಕ್ಟ್) ಆಗಿ ಇಟ್ಟರೆ ಸಾಕು, ಬೂಟ್ ಅದನ್ನು ತನ್ನ ಆಬ್ಜೆಕ್ಟ್‌ಮ್ಯಾಪರ್‌ಗೆ ತಾನೇ ಸೇರಿಸಿಕೊಳ್ಳುತ್ತದೆ. ಬೂಟ್ 1.4ರಲ್ಲಿ ಬಂದ ಜೇಸನ್‌ಕಾಂಪೊನೆಂಟ್ ಎಂಬ ಅನೊಟೇಶನ್ ಇದೇ ಕೆಲಸದ ಚಿಕ್ಕ ರೂಪ. ಡಿಸೀರಿಯಲೈಸರ್ ಕ್ಲಾಸಿನ ಮೇಲೆ ಅದನ್ನು ಬರೆದರೆ ಸ್ಪ್ರಿಂಗ್ ಅದನ್ನು ಬೀನ್ ಆಗಿ ಹುಟ್ಟಿಸಿ ಮ್ಯಾಪರ್‌ಗೆ ಸೇರಿಸುತ್ತದೆ.

ಇಲ್ಲಿ ಒಂದು ವಿಷಯ ತುಂಬ ಜನರನ್ನು ಕಾಡುತ್ತದೆ. ಮಾಡ್ಯೂಲ್ ರಿಜಿಸ್ಟರ್ ಮಾಡಿದ ಮೇಲೂ ನಲ್ ಬರುತ್ತಲೇ ಇರುತ್ತದೆ. ಊರು ಕ್ಲಾಸಿನ ಮೇಲೆ ಹಿಂದೆ ಬರೆದ ಅನೊಟೇಶನ್ ಹಾಗೇ ಉಳಿದಿರುತ್ತದೆ, ಅದೇ ಕಾರಣ. ಜ್ಯಾಕ್ಸನ್ ಮೊದಲು ಕ್ಲಾಸಿನ ಅನೊಟೇಶನ್ ನೋಡುತ್ತದೆ, ಅದು ಸಿಕ್ಕಿದರೆ ಮಾಡ್ಯೂಲ್ ಕಡೆಗೆ ಹೋಗುವುದೇ ಇಲ್ಲ. ಮಾಡ್ಯೂಲ್ ದಾರಿ ಹಿಡಿದರೆ ಅನೊಟೇಶನ್ ತೆಗೆದುಹಾಕಿ. ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ನ ಜೇಸನ್ ಲೈಬ್ರರಿಯಾದ ಸಿಸ್ಟಮ್.ಟೆಕ್ಸ್ಟ್.ಜೇಸನ್‌ನಲ್ಲಿ ಇದು ತಿರುಗಾಮುರುಗಾ. ಅಲ್ಲಿ ಆಪ್ಶನ್ಸ್‌ಗೆ (ಓದುವ ಸೆಟ್ಟಿಂಗ್‌ಗಳಿಗೆ) ಸೇರಿಸಿದ ಕನ್ವರ್ಟರ್ (ಅಲ್ಲಿನ ಡಿಸೀರಿಯಲೈಸರ್) ಕ್ಲಾಸಿನ ಮೇಲಿನ ಅನೊಟೇಶನನ್ನು ಮೀರುತ್ತದೆ. ಪ್ರಾಪರ್ಟಿಯ ಮೇಲೆ ಬರೆದದ್ದು ಮಾತ್ರ ಎಲ್ಲಕ್ಕಿಂತ ಮೇಲೆ. ಎರಡೂ ಕಡೆ ಕೆಲಸ ಮಾಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಅನೊಟೇಶನ್ ಬಿಡಲು ಮನಸ್ಸಿಲ್ಲ, ಅಥವಾ ನೂರಾರು ಕ್ಲಾಸುಗಳಲ್ಲಿ ಈಗಾಗಲೇ ಇದೆ ಅಂದರೆ ಎರಡನೇ ದಾರಿ ಬೇಕು. ಜ್ಯಾಕ್ಸನ್‌ನಲ್ಲಿ ಹ್ಯಾಂಡ್ಲರ್‌ಇನ್‌ಸ್ಟ್ಯಾನ್ಶಿಯೇಟರ್ ಎಂಬ ಒಂದು ಕೊಂಡಿ ಇದೆ. ಅನೊಟೇಶನ್‌ನಲ್ಲಿ ಕ್ಲಾಸಿನ ಹೆಸರು ಕಂಡಾಗ ಜ್ಯಾಕ್ಸನ್ ಮೊದಲು ಇದನ್ನು ಕೇಳುತ್ತದೆ: "ಈ ಕ್ಲಾಸಿನ ಆಬ್ಜೆಕ್ಟ್ ನೀನು ಮಾಡಿಕೊಡುತ್ತೀಯಾ?" ಅದು ಕೊಟ್ಟರೆ ಸರಿ. ನಲ್ ಕೊಟ್ಟರೆ, ಅಥವಾ ಅಂಥದ್ದೊಂದನ್ನು ನಾವು ಇಟ್ಟೇ ಇಲ್ಲದಿದ್ದರೆ, ಜ್ಯಾಕ್ಸನ್ ಹಳೇ ದಾರಿಗೆ ಮರಳಿ ಖಾಲಿ ಕನ್‌ಸ್ಟ್ರಕ್ಟರ್ ಕರೆಯುತ್ತದೆ.

ಸ್ಪ್ರಿಂಗ್ 4.1.3ರಿಂದ ಈ ಕೊಂಡಿಗೆ ಸ್ಪ್ರಿಂಗ್‌ಹ್ಯಾಂಡ್ಲರ್‌ಇನ್‌ಸ್ಟ್ಯಾನ್ಶಿಯೇಟರ್ ಎಂಬ ಸಿದ್ಧ ಕ್ಲಾಸಿದೆ. ಅದು ಕೇಳಿದ ಕ್ಲಾಸನ್ನು ಕಂಟೇನರ್ ಕೈಯಲ್ಲಿ ಹುಟ್ಟಿಸುತ್ತದೆ, ಅಂದರೆ ಕನ್‌ಸ್ಟ್ರಕ್ಟರ್ ಕೇಳಿದ ಊರಪಟ್ಟಿಯನ್ನು ಸ್ಪ್ರಿಂಗ್ ಹುಡುಕಿ ಕೊಡುತ್ತದೆ. ಡಿಸೀರಿಯಲೈಸರ್ ಮೇಲೆ ಕಾಂಪೊನೆಂಟ್ ಅಂತ ಬರೆಯುವ ಅಗತ್ಯವೂ ಇಲ್ಲ. ಸ್ಪ್ರಿಂಗ್ ಬೂಟ್ ತಾನು ಕಟ್ಟುವ ಮ್ಯಾಪರ್‌ನಲ್ಲಿ ಇದನ್ನು ಮೊದಲೇ ಜೋಡಿಸಿರುತ್ತದೆ. ಅದಕ್ಕೇ ಕೆಲವರ ಕೋಡು ಏನೂ ಮಾಡದೆ ಸುಮ್ನೆ ಕೆಲಸ ಮಾಡುತ್ತದೆ, ಇನ್ನು ಕೆಲವರದ್ದು ಅದೇ ಕೋಡು ನಲ್ ಕೊಡುತ್ತದೆ.

ಆ ವ್ಯತ್ಯಾಸ ಎಲ್ಲಿಂದ ಬರುತ್ತದೆ ನೋಡಿ. ಒಂದು ಅಪ್ಲಿಕೇಶನ್‌ನಲ್ಲಿ ಒಂದೇ ಆಬ್ಜೆಕ್ಟ್‌ಮ್ಯಾಪರ್ ಇರುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಹುಡುಕಿದರೆ ಮೂರ್ನಾಲ್ಕು ಸಿಗುತ್ತವೆ. ವೆಬ್ ಕಂಟ್ರೋಲರ್‌ಗೆ ಬರುವ ರಶೀದಿಯನ್ನು ಓದುವುದು ಬೂಟ್ ಕಟ್ಟಿದ ಮ್ಯಾಪರ್. ಕ್ಯೂನಿಂದ (ಮೆಸೇಜುಗಳು ಸಾಲಾಗಿ ಕಾಯುವ ಜಾಗದಿಂದ) ಬರುವ ಮೆಸೇಜನ್ನು ಓದುವ ಕೋಡಿನಲ್ಲಿ ಯಾರೋ "ನ್ಯೂ ಆಬ್ಜೆಕ್ಟ್‌ಮ್ಯಾಪರ್" ಅಂತ ಬರೆದಿರುತ್ತಾರೆ. ಟೆಸ್ಟಿನಲ್ಲಿ ಇನ್ನೊಂದು. ಹೊರಗಿನ ಸರ್ವರ್ ಜೊತೆ ಮಾತಾಡುವ ಯಾವುದೋ ಲೈಬ್ರರಿಯ ಒಳಗೆ ಮತ್ತೊಂದು. ಇವುಗಳಲ್ಲಿ ಬೂಟ್ ಕಟ್ಟಿದ್ದಕ್ಕೆ ಮಾತ್ರ ಕಂಟೇನರ್‌ನ ಪರಿಚಯ ಇರುತ್ತದೆ. ಹಾಗಾಗಿ "ವೆಬ್‌ನಲ್ಲಿ ಸರಿ ಇದೆ, ಕ್ಯೂನಲ್ಲಿ ನಲ್ ಬರುತ್ತದೆ" ಎಂದು ಯಾರಾದರೂ ಹೇಳಿದರೆ ನಾನು ಡಿಸೀರಿಯಲೈಸರ್ ಕೋಡು ತೆರೆಯುವುದೇ ಇಲ್ಲ. ಪ್ರಾಜೆಕ್ಟಿನಲ್ಲಿ "ನ್ಯೂ ಆಬ್ಜೆಕ್ಟ್‌ಮ್ಯಾಪರ್" ಎಲ್ಲೆಲ್ಲಿದೆ ಅಂತ ಹುಡುಕುತ್ತೇನೆ. ಮ್ಯಾಪರ್ ಕೂಡ ಇಂಜೆಕ್ಟ್ ಆಗಿಯೇ ಬರಬೇಕು. ಡಿಸೀರಿಯಲೈಸರ್‌ಗೆ ಮಾತ್ರ ಶಿಸ್ತು ಹೇಳಿ ಮ್ಯಾಪರನ್ನು ಬೇಕಾದಲ್ಲಿ ಹುಟ್ಟಿಸಿದರೆ ಅರ್ಧ ಕೆಲಸ ಮಾಡಿದ ಹಾಗಾಯಿತು.

ಮೂರನೇ ದಾರಿ ಬೇರೆ ತರದ ಅಗತ್ಯಕ್ಕೆ. ಊರಪಟ್ಟಿ ಇಡೀ ಅಪ್ಲಿಕೇಶನ್‌ಗೆ ಒಂದೇ. ಆದರೆ ಕೆಲವು ಮಾಹಿತಿ ಪ್ರತಿ ಸಲ ಓದುವಾಗಲೂ ಬದಲಾಗುತ್ತದೆ. ಉದಾಹರಣೆಗೆ ನೆಟ್‌ವರ್ಕ್ ಇಲ್ಲದ ದಿನ ಶಾಖೆಯವರು ರಶೀದಿಗಳನ್ನು ಒಂದು ಕಡತದಲ್ಲಿ ತುಂಬಿ ಸಂಜೆ ಕಳಿಸುತ್ತಾರೆ. ಅದರಲ್ಲಿ ಶಾಖೆಯ ಹೆಸರು ರಶೀದಿಯ ಒಳಗೆ ಇಲ್ಲ, ಕಡತದ ಹೆಸರಿನಲ್ಲಿದೆ. ಮುಳ್ಳೇರಿಯ ಶಾಖೆಯವರು ಬರೀ ವಾರ್ಡಿನ ಹೆಸರು ಬರೆದರೆ ಅದು ಅಲ್ಲಿನ ವಾರ್ಡು ಅಂತ ಡಿಸೀರಿಯಲೈಸರ್‌ಗೆ ಗೊತ್ತಾಗಬೇಕು. ಶಾಖೆಯ ಹೆಸರನ್ನು ಕನ್‌ಸ್ಟ್ರಕ್ಟರ್‌ನಲ್ಲಿ ಕೊಡಲು ಆಗುವುದಿಲ್ಲ, ಡಿಸೀರಿಯಲೈಸರ್ ಒಂದೇ, ಶಾಖೆ ಹಲವು.

ಇದಕ್ಕೆ ಜ್ಯಾಕ್ಸನ್‌ನ ಆಬ್ಜೆಕ್ಟ್‌ರೀಡರ್ ಇದೆ. ಓದುವ ಮೊದಲು ವಿತ್‌ಆಟ್ರಿಬ್ಯೂಟ್ ಎಂಬ ಮೆಥಡ್‌ನಲ್ಲಿ ಶಾಖೆಯನ್ನು ಕೊಟ್ಟರೆ, ಡಿಸೀರಿಯಲೈಸರ್ ಒಳಗೆ ಕಾಂಟೆಕ್ಸ್ಟ್.ಗೆಟ್‌ಆಟ್ರಿಬ್ಯೂಟ್ ಎಂದು ಕೇಳಿ ತೆಗೆದುಕೊಳ್ಳಬಹುದು. ಆಬ್ಜೆಕ್ಟ್‌ರೀಡರ್ ಬದಲಾಗುವ ವಸ್ತು ಅಲ್ಲ. ವಿತ್‌ಆಟ್ರಿಬ್ಯೂಟ್ ಕರೆದಾಗ ಹೊಸತೊಂದು ರೀಡರ್ ಸಿಗುತ್ತದೆ, ಹಳೆಯದು ಹಾಗೇ ಇರುತ್ತದೆ. ಆದ್ದರಿಂದ ಎರಡು ಶಾಖೆಗಳ ಕಡತಗಳನ್ನು ಎರಡು ಥ್ರೆಡ್‌ಗಳು (ಒಂದೇ ಹೊತ್ತಿಗೆ ಓಡುವ ಕೆಲಸಗಳು) ಒಟ್ಟಿಗೆ ಓದಿದರೂ ಒಂದರ ಶಾಖೆ ಇನ್ನೊಂದಕ್ಕೆ ಅಂಟುವುದಿಲ್ಲ. ಇದರದ್ದೇ ಇನ್ನೊಂದು ರೂಪ ಇಂಜೆಕ್ಟಬಲ್‌ವ್ಯಾಲ್ಯೂಸ್. ಅದರಲ್ಲಿ ಡಿಸೀರಿಯಲೈಸರ್ ಬರೆಯದೆಯೇ, ರಶೀದಿ ಕ್ಲಾಸಿನ ಶಾಖೆ ಫೀಲ್ಡಿನ ಮೇಲೆ ಜ್ಯಾಕ್ಸನ್‌ಇಂಜೆಕ್ಟ್ ಎಂಬ ಅನೊಟೇಶನ್ ಹಾಕಿದರೆ, ಜೇಸನ್‌ನಲ್ಲಿ ಇಲ್ಲದ ಆ ಬೆಲೆಯನ್ನು ಜ್ಯಾಕ್ಸನ್ ಹೊರಗಿನಿಂದ ತಂದು ತುಂಬುತ್ತದೆ. ಇಷ್ಟು ಒಳ್ಳೆಯ ಸೌಲಭ್ಯವನ್ನು ಬಳಸುವವರು ಕಡಿಮೆ ಎನ್ನುವುದು ನನಗೆ ಬೇಸರದ ವಿಷಯ. ಥ್ರೆಡ್‌ಲೋಕಲ್ (ಥ್ರೆಡ್‌ಗೊಂದು ಬೇರೆ ಬೆಲೆ ಇಡುವ ವ್ಯವಸ್ಥೆ) ಹಾಕಿ ಕಷ್ಟಪಡುವ ಎಷ್ಟೋ ಕೋಡುಗಳಿಗೆ ಇದೊಂದೇ ಸಾಲು ಸಾಕಿತ್ತು.

ಜಾವಾ ಅಲ್ಲದವರಿಗೆ ಸ್ವಲ್ಪ. ಡಾಟ್‌ನೆಟ್‌ನಲ್ಲಿ ಜೇಸನ್‌ಕನ್ವರ್ಟರ್ ಅನೊಟೇಶನ್‌ಗೂ ಖಾಲಿ ಕನ್‌ಸ್ಟ್ರಕ್ಟರೇ ಬೇಕು. ಸರ್ವಿಸ್ ಬೇಕಿದ್ದರೆ ತಯಾರಾದ ಕನ್ವರ್ಟರನ್ನು ಜೇಸನ್‌ಸೀರಿಯಲೈಸರ್‌ಆಪ್ಶನ್ಸ್‌ಗೆ ಸೇರಿಸಬೇಕು. ಎಎಸ್‌ಪಿ ಡಾಟ್‌ನೆಟ್ ಕೋರ್‌ನ ಆಡ್‌ಜೇಸನ್‌ಆಪ್ಶನ್ಸ್ ಒಳಗೆ ಕಂಟೇನರ್ ಕೈಗೆ ಸಿಗುವುದಿಲ್ಲ. ಅದಕ್ಕೆ ಐಕಾನ್‌ಫಿಗರ್‌ಆಪ್ಶನ್ಸ್ ದಾರಿಯಲ್ಲಿ ಹೋಗಬೇಕು. ಆಪ್ಶನ್ಸನ್ನು ಒಮ್ಮೆ ಬಳಸಿದ ಮೇಲೆ ಅದಕ್ಕೆ ಬೀಗ ಬೀಳುತ್ತದೆ, ಆಮೇಲೆ ಕನ್ವರ್ಟರ್ ಸೇರಿಸಲು ಆಗುವುದಿಲ್ಲ. ಇನ್ನು ಜಾವಾದಲ್ಲೇ ಜ್ಯಾಕ್ಸನ್ ಬದಲು ಗೂಗಲ್‌ನ ಜೀಸನ್ (Gson) ಲೈಬ್ರರಿ ಬಳಸುವವರು ಜೀಸನ್‌ಬಿಲ್ಡರ್‌ನ ರಿಜಿಸ್ಟರ್‌ಟೈಪ್‌ಅಡಾಪ್ಟರ್‌ಗೆ ಆಬ್ಜೆಕ್ಟ್ ಕೊಟ್ಟರೆ ಮುಗಿಯಿತು.

ಎಷ್ಟು ಕಾಲ ಬದುಕುತ್ತದೆ?

ಡಿಸೀರಿಯಲೈಸರ್ ಒಮ್ಮೆ ಮ್ಯಾಪರ್ ಒಳಗೆ ಹೋದರೆ ಅಲ್ಲೇ ಉಳಿಯುತ್ತದೆ. ರಶೀದಿ ಕ್ಲಾಸನ್ನು ಹೇಗೆ ಓದಬೇಕು ಎಂದು ಜ್ಯಾಕ್ಸನ್ ಮೊದಲ ಸಲ ಲೆಕ್ಕ ಹಾಕಿ ಇಟ್ಟುಕೊಳ್ಳುತ್ತದೆ, ಆ ಲೆಕ್ಕದೊಳಗೆ ನಮ್ಮ ಊರುಡಿಸೀರಿಯಲೈಸರ್ ಕೂಡ ಸೇರಿರುತ್ತದೆ. ಮುಂದೆ ಎಲ್ಲ ಥ್ರೆಡ್‌ಗಳೂ ಅದೇ ಒಂದು ಆಬ್ಜೆಕ್ಟನ್ನು ಬಳಸುತ್ತವೆ. ಇದರಿಂದ ಎರಡು ಮಾತು ಬರುತ್ತವೆ.

ಒಂದು, ಡಿಸೀರಿಯಲೈಸರ್‌ನ ಫೀಲ್ಡಿನಲ್ಲಿ ಈಗ ಓದುತ್ತಿರುವ ರಶೀದಿಯ ಯಾವ ಮಾಹಿತಿಯನ್ನೂ ಇಡಬಾರದು. ಇನ್ನೊಂದು, ಸ್ವಲ್ಪ ಹೊತ್ತು ಮಾತ್ರ ಬದುಕುವ ಸರ್ವಿಸನ್ನು ಅದರ ಕನ್‌ಸ್ಟ್ರಕ್ಟರ್‌ಗೆ ಕೊಡಬಾರದು. ಡಾಟ್‌ನೆಟ್‌ನಲ್ಲಿ ಡೇಟಾಬೇಸ್ ಜೊತೆ ಮಾತಾಡುವ ಡಿಬಿಕಾಂಟೆಕ್ಸ್ಟ್ ಸಾಮಾನ್ಯವಾಗಿ ಒಂದು ರಿಕ್ವೆಸ್ಟ್‌ನಷ್ಟೇ ಕಾಲ ಇರುತ್ತದೆ. ಅದನ್ನು ಸರ್ವರ್ ನಿಲ್ಲುವವರೆಗೂ ಇರುವ ಕನ್ವರ್ಟರ್ ಹಿಡಿದಿಟ್ಟುಕೊಂಡರೆ, ಮೊದಲ ರಿಕ್ವೆಸ್ಟ್ ಮುಗಿದ ಮೇಲೆ ಮುಚ್ಚಿಹೋದ ಕನೆಕ್ಷನ್ ಅದರ ಕೈಯಲ್ಲಿರುತ್ತದೆ. ಮೊದಲ ರಶೀದಿ ಸರಿ, ಎರಡನೆಯದಕ್ಕೆ ದೂರು. ಟೆಸ್ಟಿನಲ್ಲಿ ಒಂದೇ ರಶೀದಿ ಓದಿ ನೋಡಿದವರಿಗೆ ಇದು ಗೊತ್ತೇ ಆಗುವುದಿಲ್ಲ.

ಸುತ್ತು ಬೀಳುವ ಸಮಸ್ಯೆಯೂ ಇದೆ. ಊರಪಟ್ಟಿ ತನ್ನ ಮಾಹಿತಿಯನ್ನು ಇನ್ನೊಂದು ಸರ್ವರ್‌ನಿಂದ ಜೇಸನ್ ಆಗಿ ತರಿಸುತ್ತದೆ ಅಂದುಕೊಳ್ಳಿ. ಆಗ ಊರಪಟ್ಟಿಗೆ ಮ್ಯಾಪರ್ ಬೇಕು, ಮ್ಯಾಪರ್‌ಗೆ ಡಿಸೀರಿಯಲೈಸರ್ ಬೇಕು, ಡಿಸೀರಿಯಲೈಸರ್‌ಗೆ ಊರಪಟ್ಟಿ ಬೇಕು. ಯಾರು ಮೊದಲು ಹುಟ್ಟಬೇಕು? 2021ರ ಸ್ಪ್ರಿಂಗ್ ಬೂಟ್ 2.6ರಿಂದ ಇಂಥ ಸುತ್ತು ಕಂಡರೆ ಅಪ್ಲಿಕೇಶನ್ ಶುರುವಾಗುವುದೇ ಇಲ್ಲ, ಅದು ಒಳ್ಳೆಯದೇ. ಊರಪಟ್ಟಿಯ ಬದಲು ಆಬ್ಜೆಕ್ಟ್‌ಪ್ರೊವೈಡರ್ ಇಂಜೆಕ್ಟ್ ಮಾಡಿ, ಓದುವ ಹೊತ್ತಿಗೆ ಅದರಿಂದ ಊರಪಟ್ಟಿ ತೆಗೆದುಕೊಂಡರೆ ಗಂಟು ಬಿಚ್ಚುತ್ತದೆ. ಆದರೆ ನನಗೆ ಇಷ್ಟವಾಗುವುದು ಊರಪಟ್ಟಿಗೆ ಈ ಡಿಸೀರಿಯಲೈಸರ್ ಇಲ್ಲದ, ಅದರದ್ದೇ ಆದ ಸಣ್ಣ ಮ್ಯಾಪರ್ ಕೊಡುವುದು. ಅದನ್ನು ಊರಪಟ್ಟಿಯನ್ನು ಕಟ್ಟುವ ಜಾಗದಲ್ಲೇ ಕಟ್ಟಿ ಅದರ ಕೈಗೆ ಕೊಡಬಹುದು. ಬೇರೆ ಬೀನ್ ಆಗಿ ಇಟ್ಟರೆ ಬೂಟ್ ಸಾಮಾನ್ಯವಾಗಿ ತನ್ನ ಮ್ಯಾಪರನ್ನು ಕಟ್ಟುವುದೇ ಇಲ್ಲ. ಊರಪಟ್ಟಿ ಓದುವ ಜೇಸನ್‌ನಲ್ಲಿ ಊರು ಆಬ್ಜೆಕ್ಟ್ ಇರುವುದೇ ಇಲ್ಲವಲ್ಲ.

ಒಳಗೆ ಏನನ್ನು ಕೊಡಬೇಕು, ಏನನ್ನು ಬೇಡ

ಇಂಜೆಕ್ಟ್ ಮಾಡುವುದು ಹೇಗೆ ಎಂದು ಗೊತ್ತಾದ ಮೇಲೆ ಎಲ್ಲವನ್ನೂ ಇಂಜೆಕ್ಟ್ ಮಾಡುವ ಆಸೆ ಬರುತ್ತದೆ. ಡೇಟಾಬೇಸ್ ರೆಪೊಸಿಟರಿಯನ್ನೇ ಡಿಸೀರಿಯಲೈಸರ್‌ಗೆ ಕೊಟ್ಟು, ಜೇಸನ್‌ನಲ್ಲಿ ರೈತರ ನಂಬರ್ ಕಂಡರೆ ಅಲ್ಲೇ ಅವರ ಇಡೀ ದಾಖಲೆ ತಂದುಬಿಡುವುದು. ನೋಡಲು ಚಂದ. ನನ್ನ ಅಭಿಪ್ರಾಯ ಸ್ಪಷ್ಟ: ಇದನ್ನು ಮಾಡಬೇಡಿ.

ನಿಧಾನ ಆಗುತ್ತದೆ ಎನ್ನುವುದು ಎಲ್ಲರಿಗೂ ಹೊಳೆಯುವ ಕಾರಣ. ಸಂಜೆಯ ಕಡತದಲ್ಲಿ ಐನೂರು ರಶೀದಿ ಇದ್ದರೆ ಒಂದೊಂದಕ್ಕೂ ಒಂದು ಕ್ವೆರಿ ಹೋಗುತ್ತದೆ. ಹೊರಗಡೆ ಮಾಡಿದ್ದರೆ ಐನೂರು ನಂಬರ್‌ಗಳನ್ನು ಸೇರಿಸಿ ಒಂದೇ ಕ್ವೆರಿ ಸಾಕಿತ್ತು.

ಇದಕ್ಕಿಂತ ಗಂಭೀರವಾದ ಕಾರಣ ಇನ್ನೊಂದಿದೆ. ಡಿಸೀರಿಯಲೈಸರ್ ಒಳಗೆ ರನ್‌ಟೈಮ್ ಎಕ್ಸೆಪ್ಶನ್ ಬಂದರೆ ಜ್ಯಾಕ್ಸನ್ ಸಾಮಾನ್ಯವಾಗಿ ಅದನ್ನು ಜೇಸನ್‌ಮ್ಯಾಪಿಂಗ್‌ಎಕ್ಸೆಪ್ಶನ್ ಎಂಬ ಲಕೋಟೆಯೊಳಗೆ ಹಾಕುತ್ತದೆ. ಸ್ಪ್ರಿಂಗ್ ಆ ಲಕೋಟೆ ನೋಡಿ, ಬಂದ ಜೇಸನ್ ಓದಲು ಆಗುವಂಥದ್ದಲ್ಲ ಎಂದು ತೀರ್ಮಾನಿಸಿ 400 ಎಂಬ ಉತ್ತರ ಕಳಿಸುತ್ತದೆ. 400 ಅಂದರೆ ತಪ್ಪು ಕಳಿಸಿದವರದ್ದು. ಈಗ ನಮ್ಮ ಡೇಟಾಬೇಸ್ ಎರಡು ನಿಮಿಷ ನಿಂತಿತು ಅಂದುಕೊಳ್ಳಿ. ಪೆರ್ಲದ ಶಾಖೆ ಕಳಿಸಿದ ರಶೀದಿ ಸರಿಯಾಗಿಯೇ ಇದೆ. ನಾವು ಮಾತ್ರ "ನಿಮ್ಮ ರಶೀದಿ ತಪ್ಪು" ಎಂದು ಹೇಳುತ್ತೇವೆ. ತಪ್ಪು ನಮ್ಮದು ಎಂಬ 500ರ ಸಾಲಿನ ಉತ್ತರ ಹೋಗಿದ್ದರೆ ಶಾಖೆಯ ಕಂಪ್ಯೂಟರ್ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಳಿಸುವಂತೆ ಬರೆದಿರುತ್ತಾರೆ. 400 ಬಂದರೆ ಮತ್ತೆ ಕಳಿಸಿ ಪ್ರಯೋಜನ ಇಲ್ಲ ಎಂದು ಅದು ಬಿಟ್ಟುಬಿಡುತ್ತದೆ. ಒಬ್ಬ ರೈತರ ಒಂದು ದಿನದ ಅಡಿಕೆಯ ಲೆಕ್ಕ ಹೀಗೆ ಕಾಣೆಯಾಗಬಹುದು. ಮೊದಲು ಹೇಳಿದ ನಲ್ ಪಾಯಿಂಟರ್ ಕೂಡ ಇದೇ ಲಕೋಟೆಯಲ್ಲಿ, ಇದೇ 400 ಆಗಿ ಹೊರಬರುತ್ತದೆ. ಅದಕ್ಕೇ ಎಷ್ಟೋ ಜನ ಜೇಸನ್‌ನಲ್ಲಿ ತಪ್ಪು ಹುಡುಕುತ್ತಾ ಗಂಟೆಗಟ್ಟಲೆ ಕಳೆಯುತ್ತಾರೆ. ಲಾಗ್‌ನಲ್ಲಿ ಲಕೋಟೆಯ ಹೆಸರು ಓದಿ ನಿಲ್ಲಬೇಡಿ, ಒಳಗಿನ ಮೂಲ ಕಾರಣದವರೆಗೆ ಇಳಿಯಿರಿ.

ಹಾಗಾದರೆ ಊರಪಟ್ಟಿ ಡೇಟಾಬೇಸ್‌ನಿಂದಲೇ ಬಂದದ್ದಲ್ವಾ? ಹೌದು, ಆದರೆ ಓದುವ ಹೊತ್ತಿಗೆ ಅದು ಡೇಟಾಬೇಸ್‌ಗೆ ಹೋಗಬಾರದು. ಒಂದು ಜಿಲ್ಲೆಯ ಊರುಗಳ ಹೆಸರು, ಅವುಗಳ ಬೇರೆ ಬೇರೆ ಬರಹ ಎಲ್ಲ ಸೇರಿದರೂ ಮೆಮೊರಿಯಲ್ಲಿ ಸುಲಭವಾಗಿ ಹಿಡಿಯುತ್ತದೆ. ಸರ್ವರ್ ಶುರುವಾಗುವಾಗ ಒಂದು ಮ್ಯಾಪ್ ಕಟ್ಟಿ, ಯಾರಾದರೂ ಹೊಸ ಬರಹ ಸೇರಿಸಿದಾಗ ಹೊಸ ಮ್ಯಾಪ್ ಕಟ್ಟಿ ಹಳೆಯದರ ಜಾಗಕ್ಕೆ ಇಟ್ಟರೆ ಸಾಕು. ಡಿಸೀರಿಯಲೈಸರ್‌ಗೆ ಕೊಡಬಹುದಾದ ಸರ್ವಿಸ್ ಅಂದರೆ ಇಂಥದ್ದು: ಹೊರಗೆ ಎಲ್ಲೂ ಹೋಗದೆ, ಕೂತಲ್ಲೇ ಉತ್ತರ ಹೇಳುವಂಥದ್ದು. ಗಡಿಯಾರವೂ ಹಾಗೇ. "ಇವತ್ತು" ಯಾವ ದಿನ ಎಂದು ಡಿಸೀರಿಯಲೈಸರ್‌ಗೆ ಬೇಕಿದ್ದರೆ ಕ್ಲಾಕ್ ಆಬ್ಜೆಕ್ಟನ್ನು ಇಂಜೆಕ್ಟ್ ಮಾಡಿ, ಟೆಸ್ಟಿನಲ್ಲಿ ನಿಲ್ಲಿಸಿದ ಗಡಿಯಾರ ಕೊಡಬಹುದು.

ಊರಪಟ್ಟಿಯ ಕೆಲಸ ಬರೀ ಮ್ಯಾಪ್‌ನಲ್ಲಿ ಹುಡುಕುವುದು ಅಂತ ತಿಳಿಯಬೇಡಿ. ನಮ್ಮ ಜಿಲ್ಲೆಯವರಿಗೆ ಇಲ್ಲಿ ಒಂದು ಸೂಕ್ಷ್ಮ ಇದೆ. ಕಣ್ಣಿಗೆ ಒಂದೇ ತರ ಕಾಣುವ ಎರಡು ಬರಹ ಕಂಪ್ಯೂಟರ್‌ಗೆ ಬೇರೆ ಆಗಿರಬಹುದು. ಕಾಸರಗೋಡು ಎಂಬಲ್ಲಿನ "ಗೋ" ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಕೋಡ್ ಆಗಿ ಬರೆಯಬಹುದು, ತುಂಡು ತುಂಡಾಗಿಯೂ ಬರೆಯಬಹುದು. ಯೂನಿಕೋಡ್‌ನ ಎನ್‌ಎಫ್‌ಸಿ ಎಂಬ ಕ್ರಮ ಇವೆರಡನ್ನೂ ಒಂದು ಮಾಡುತ್ತದೆ. ಆದರೆ ಮಲಯಾಳದ ಚಿಲ್ಲಕ್ಷರಗಳ (ಸ್ವರ ಸೇರದ ವ್ಯಂಜನಗಳ) ಕಥೆ ಬೇರೆ. 2008ರ ಯೂನಿಕೋಡ್ 5.1ರಲ್ಲಿ ಅವಕ್ಕೆ ಒಂದೊಂದು ಸ್ವಂತ ಕೋಡ್ ಸಿಕ್ಕಿತು. ಅದಕ್ಕೂ ಮೊದಲು ವ್ಯಂಜನ, ಚಂದ್ರಕ್ಕಲ (ಮಲಯಾಳದ ಅರ್ಧಾಕ್ಷರದ ಚಿಹ್ನೆ), ಮೇಲೊಂದು ಕಾಣದ ಜೋಡಕ ಸೇರಿಸಿ ಬರೆಯುತ್ತಿದ್ದರು. ಹಳೇ ಕಡತಗಳಲ್ಲಿ ಹಾಗೇ ಇದೆ. ಎನ್‌ಎಫ್‌ಸಿ ಈ ಎರಡನ್ನು ಒಂದು ಮಾಡುವುದಿಲ್ಲ. ಕನ್ನಡದಲ್ಲಿ ನಾವು ಅರ್ಧಾಕ್ಷರ ಬಿಡಿಸಲು ಹಾಕುವ ಕಾಣದ ಅಕ್ಷರವನ್ನೂ ಅದು ತೆಗೆಯುವುದಿಲ್ಲ. ಇವನ್ನೆಲ್ಲ ಸರಿಮಾಡುವ ಕೋಡು ಊರಪಟ್ಟಿಯಲ್ಲಿ ಇರಬೇಕು, ಡಿಸೀರಿಯಲೈಸರ್‌ನಲ್ಲಿ ಅಲ್ಲ. ಯಾಕೆಂದರೆ ಇದೇ ಹುಡುಕಾಟ ನಾಳೆ ಎಕ್ಸೆಲ್ ಕಡತ ಓದುವಾಗಲೂ ಬೇಕು, ಆಫೀಸಿನವರು ಸ್ಕ್ರೀನಿನಲ್ಲಿ ಊರು ಟೈಪ್ ಮಾಡುವಾಗಲೂ ಬೇಕು. ಇಂಜೆಕ್ಟ್ ಮಾಡುವ ಕಷ್ಟ ತೆಗೆದುಕೊಂಡದ್ದೇ ಈ ಬುದ್ಧಿ ಒಂದೇ ಕಡೆ ಇರಲಿ ಅಂತ.

ಪಟ್ಟಿಯಲ್ಲಿ ಇಲ್ಲದ ಊರು ಬಂದರೆ? ನಲ್ ಹಿಂತಿರುಗಿಸಬೇಡಿ, ಅದು ಮುಂದೆ ಎಲ್ಲೋ ಒಡೆಯುತ್ತದೆ. ನಿಜಕ್ಕೂ ತಪ್ಪು ಎಂದಾದರೆ ಕಾಂಟೆಕ್ಸ್ಟ್‌ನ ಹ್ಯಾಂಡಲ್‌ವಿಯರ್ಡ್‌ಸ್ಟ್ರಿಂಗ್‌ವ್ಯಾಲ್ಯೂ ಮೂಲಕ ದೂರು ಕೊಡಿ. ಆಗ 400 ಹೋಗುವುದು ನ್ಯಾಯ, ಯಾವ ಸಾಲು ತಪ್ಪು ಎಂಬುದೂ ಆ ಎಕ್ಸೆಪ್ಶನ್‌ನಲ್ಲಿರುತ್ತದೆ. ಆದರೆ ಅಡಿಕೆ ತೂಕವಾಗಿ ಆಗಿದೆ, ರೈತರು ಕಾಯುತ್ತಿದ್ದಾರೆ, ಊರಿನ ಹೆಸರಿನ ಒಂದು ಅಕ್ಷರಕ್ಕಾಗಿ ರಶೀದಿ ತಿರಸ್ಕರಿಸುವುದು ನನಗೆ ಒಪ್ಪಿಗೆ ಇಲ್ಲ. ಗೊತ್ತಿಲ್ಲದ ಊರು ಎಂಬ ಇನ್ನೊಂದು ಬಗೆಯ ಊರು ಆಬ್ಜೆಕ್ಟ್ ಮಾಡಿ, ಬಂದ ಬರಹವನ್ನು ಹಾಗೇ ಅದರಲ್ಲಿಟ್ಟು, ಆಮೇಲೆ ಆಫೀಸಿನವರು ನೋಡಿ ಸರಿಮಾಡುವಂತೆ ಬಿಡುವುದು ಮೇಲು. ಅವರು ಸರಿಮಾಡಿದ ಬರಹ ಊರಪಟ್ಟಿಗೆ ಸೇರಿದರೆ ಮುಂದಿನ ರಶೀದಿಯಲ್ಲಿ ಅದೇ ಹೆಸರು ತಾನಾಗಿ ಸಿಗುತ್ತದೆ.

ಕೊನೆಗೆ ಟೆಸ್ಟಿನ ಬಗ್ಗೆ. ಕನ್‌ಸ್ಟ್ರಕ್ಟರ್ ಮೂಲಕ ಪಟ್ಟಿ ಬರುವುದರಿಂದ ಎರಡು ಊರು ಮಾತ್ರ ಇರುವ ಸಣ್ಣ ಊರಪಟ್ಟಿ ಕೊಟ್ಟು ಡಿಸೀರಿಯಲೈಸರನ್ನು ಸ್ಪ್ರಿಂಗ್ ಇಲ್ಲದೆಯೇ ಪರೀಕ್ಷಿಸಬಹುದು. ಆದರೆ ಆ ಟೆಸ್ಟಿನಲ್ಲಿ ಮ್ಯಾಪರ್ ಕಟ್ಟಿದ್ದು ನಾವು. ನಿಜವಾದ ಅಪ್ಲಿಕೇಶನ್‌ನಲ್ಲಿ ಜೋಡಣೆ ಸರಿ ಇದೆಯೇ ಎಂದು ಅದು ಹೇಳುವುದಿಲ್ಲ. ಅದಕ್ಕೆ ಇನ್ನೊಂದು ಟೆಸ್ಟ್ ಬೇಕು. ಸ್ಪ್ರಿಂಗ್‌ನಿಂದಲೇ ಮ್ಯಾಪರ್ ಪಡೆದು, "ಕುಂಬಳ" ಇರುವ ಒಂದು ರಶೀದಿ, "ಕುಂಬಳೆ" ಇರುವ ಇನ್ನೊಂದು, ಎರಡನ್ನೂ ಓದಿಸಿ, ಎರಡರಲ್ಲೂ ಒಂದೇ ಊರು ಬಂತೇ ಎಂದು ನೋಡಬೇಕು. ಕ್ಯೂಗೆ ಬೇರೆ ಮ್ಯಾಪರ್ ಇದ್ದರೆ ಅದಕ್ಕೂ ಇದೇ ಟೆಸ್ಟ್ ಬರೆಯಿರಿ.